ಪೆಟ್ರೋಲ್ ಬಹಿಷ್ಕಾರವೂ ಬಳ್ಳಾರಿ ರಸ್ತೆಯೂ

ಬೆಂಗಳೂರಿನ ಜನರಿಗೆ ಬಹಿಷ್ಕಾರವೆಂಬ ಅಸ್ತ್ರವನ್ನು ಪ್ರಯೋಗಿಸುವ ಸಾಮರ್ಥ್ಯವಿಲ್ಲವೆಂದು ಯಾರಾದರೂ ಆಕ್ಷೇಪಿಸುವುದಾದರೆ, ಅವರು 2025ರ ಫೆಬ್ರವರಿ ತಿಂಗಳನ್ನು ಮರೆತಿರಬೇಕು. ಆ ತಿಂಗಳ 9ನೆಯ ತಾರೀಖಿನಂದು ನಮ್ಮ ಮೆಟ್ರೊ ತನ್ನ ಪ್ರಯಾಣದರವನ್ನು ಪರಿಷ್ಕರಿಸಿ, ಗರಿಷ್ಠ ದರವನ್ನು 60 ರೂಪಾಯಿಯಿಂದ 90ಕ್ಕೆ ಏರಿಸಿದಾಗ, ಮೆಟ್ರೊ ಹತ್ತಬೇಡಿರೆಂಬ ಕರೆ ಕೈಯಿಂದ ಕೈಗೆ, ಫೋನಿನಿಂದ ಫೋನಿಗೆ ಹರಡಿತು. ನಿಲ್ದಾಣಗಳಲ್ಲಿ ಜನಸಂದಣಿ ಕಣ್ಣಿಗೆ ಕಾಣುವಂತೆ ತಗ್ಗಿತು. ವಾರ ತುಂಬುವುದರೊಳಗೆ ನಿಗಮವು ಕೆಲವು ಹಂತಗಳ ದರವನ್ನು ಇಳಿಸಬೇಕಾಯಿತು. ಅದಕ್ಕೆ ಎಂಟು ತಿಂಗಳು ಹಿಂದೆ, 2024ರ ಜೂನ್ 15ರಂದು, ರಾಜ್ಯ ಸರ್ಕಾರವು ಪೆಟ್ರೋಲಿನ ಮೇಲಣ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೂ, ಡೀಸೆಲಿನದನ್ನು ಶೇ 14.34ರಿಂದ 18.44ಕ್ಕೂ ಹೆಚ್ಚಿಸಿದ ಫಲವಾಗಿ ಪೆಟ್ರೋಲು ಲೀಟರಿಗೆ ಮೂರು ರೂಪಾಯಿಯಷ್ಟು ತುಟ್ಟಿಯಾಗಿ 102 ರೂಪಾಯಿ 84 ಪೈಸೆಗೆ ನಿಂತಿತಷ್ಟೆ. ಆಗಲೂ ಜನ ಸಿಟ್ಟಾದರು. ಆದರೆ ಮಾರನೆಯ ಬೆಳಗ್ಗೆ ಬಂಕಿನ ಮುಂದಣ ಸಾಲು ಹಿಂದಿನ ದಿನದಷ್ಟೇ ಉದ್ದವಿತ್ತು. ಅದೇ ಜನ, ಅದೇ ಜೇಬು, ಅದೇ ರೋಷ. ಒಂದೆಡೆ ಬಹಿಷ್ಕಾರ ಫಲಿಸಿತು, ಇನ್ನೊಂದೆಡೆ ಅದು ಹುಟ್ಟಲೇ ಇಲ್ಲ. ಮೆಟ್ರೊ ಬಿಟ್ಟವನಿಗೆ ಮನೆಯ ಮುಂದೆ ಸ್ಕೂಟರಿತ್ತು. ಸ್ಕೂಟರ್ ಬಿಡಬೇಕೆಂದು ಹೊರಟವನಿಗೆ ಏನಿದೆ?

ಬ್ಯಾಟರಾಯನಪುರದಲ್ಲಿ ನಿಂತು ನೋಡುವವರಿಗೆ ಈ ಪ್ರಶ್ನೆಯ ಉತ್ತರ ಬೇರೆಲ್ಲಿಯೂ ಅರಸುವ ಪ್ರಮೇಯವಿಲ್ಲ. ಹೆಬ್ಬಾಳದ ಮೇಲ್ಸೇತುವೆಯನ್ನು ದಾಟಿ ಯಲಹಂಕದ ಕಡೆಗೆ ಸಾಗುವ ಬಳ್ಳಾರಿ ರಸ್ತೆಯ ಅಂಚಿನ ಈ ಊರು, ಹಳ್ಳಿಯಾಗಿದ್ದು, ಅನಂತರ ನಗರಸಭೆಯಾಗಿ, 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಲೀನವಾಗಿ, ಅಮೃತಹಳ್ಳಿ, ಕೊಡಿಗೇಹಳ್ಳಿ, ಸಹಕಾರನಗರ, ಜಕ್ಕೂರುಗಳೊಡನೆ ಗಡಿ ತಿಳಿಯದಂತೆ ಬೆರೆತುಹೋಗಿದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದಂದಿನಿಂದ ರಸ್ತೆಯ ಸ್ವಭಾವವೇ ಬದಲಾಯಿತು: ವಿಮಾನ ಹಿಡಿಯುವವರ ಅವಸರಕ್ಕೋಸುಗ ಕಂಬಗಳ ಮೇಲೊಂದು ರಸ್ತೆ ಎದ್ದಿತು, ಸಿಗ್ನಲುಗಳು ಮಾಯವಾದವು, ಕೆಳಗೆ ಉಳಿದ ಊರಿನವರಿಗೆ ಸರ್ವೀಸ್ ರಸ್ತೆಯೂ, ಆ ಬದಿಯಿಂದ ಈ ಬದಿಗೆ ಬರಲು ಮೆಟ್ಟಿಲು ಹತ್ತಿಳಿಯುವ ಸ್ಕೈವಾಕೂ ದಕ್ಕಿದವು. ರಸ್ತೆಯಾಚೆಗಿನ ಅಂಗಡಿಯಿಂದ ಹಾಲು ತರಲು ಕಾಲ್ನಡಿಗೆಯಲ್ಲಿ ಐದು ನಿಮಿಷ ಸಾಕಾಗಿದ್ದಲ್ಲಿ, ಈಗ ಗಾಡಿ ತೆಗೆದು, ಮುಂದಿನ ತಿರುವಿನವರೆಗೆ ಹೋಗಿ, ಯೂಟರ್ನ್ ಮಾಡಿ ಬರುವುದೇ ವಾಸಿಯೆನ್ನಿಸುತ್ತದೆ. ವಾಹನಾವಲಂಬನವೆಂಬುದು ಮನುಷ್ಯರ ಸೋಮಾರಿತನದಿಂದ ಹುಟ್ಟಿತೆಂದು ಉಪದೇಶಿಸುವ ಸಜ್ಜನರು ಒಮ್ಮೆ ಈ ರಸ್ತೆಯನ್ನು ಕೈಯಲ್ಲಿ ಚೀಲ ಹಿಡಿದು ದಾಟಿ ನೋಡಬೇಕು. ಇಲ್ಲಿಯ ಅವಲಂಬನವನ್ನು ಕಾಂಕ್ರೀಟಿನಲ್ಲಿ ಎರಕ ಹೊಯ್ದು ನಿಲ್ಲಿಸಿದೆ.

ಬಹಿಷ್ಕಾರದ ಇತಿಹಾಸ ಕನ್ನಡಿಗರಿಗೆ ಅಪರಿಚಿತವಲ್ಲ. ವಿದೇಶೀ ಬಟ್ಟೆಯನ್ನು ಸುಟ್ಟವರು ಬೆತ್ತಲೆ ತಿರುಗಲಿಲ್ಲ. ಬದನವಾಳಿನಂಥ ಗ್ರಾಮಗಳಲ್ಲಿ ನೂತು ನೇಯ್ದ ಖಾದಿ ಅವರ ಮೈಮೇಲಿತ್ತು, ಮತ್ತು ಖಾದಿ ಇದ್ದುದರಿಂದಲೇ ಬೆಂಕಿ ಹಚ್ಚುವ ಧೈರ್ಯವೂ ಬಂದಿತ್ತು. ಅಂಕೋಲೆ, ಸಿದ್ದಾಪುರಗಳ ರೈತರು 1930ರ ದಶಕದ ಆರಂಭದಲ್ಲಿ ಕರನಿರಾಕರಣೆಗೆ ಇಳಿದು, ಹೊಲಮನೆಗಳ ಜಪ್ತಿಯನ್ನೂ ಸಹಿಸಿದ ಕಥೆ ಇದಕ್ಕೊಂದು ಅಪವಾದದಂತೆ ತೋರುವುದಾದರೂ, ಅಂಥ ತ್ಯಾಗವನ್ನು ಸ್ವಾತಂತ್ರ್ಯದಂಥ ಮಹದಾಶಯವೊಂದಕ್ಕಾಗಿ ಕೇಳಬಹುದಲ್ಲದೆ ಲೀಟರಿಗೆ ಮೂರು ರೂಪಾಯಿಗಾಗಿ ಕೇಳಲಾಗದು. ಅಮೆರಿಕದ ಮಾಂಟ್‌ಗೊಮರಿ ನಗರದಲ್ಲಿ 1955ರ ಡಿಸೆಂಬರಿನಿಂದ 381 ದಿನಗಳ ಪರ್ಯಂತ ಕಪ್ಪು ಜನರು ಸಿಟಿ ಬಸ್ಸನ್ನು ತ್ಯಜಿಸಿದರಲ್ಲವೆ? ಅವರು ನಡೆದರು, ನಿಜ. ಆದರೆ ಅದರ ಜೊತೆಗೆ ಬಸ್ಸಿಲ್ಲದೆ ಜನ ಕೆಲಸಕ್ಕೆ ಹೋಗಿಬರುವಂತೆ ನೂರಾರು ಕಾರುಗಳನ್ನು ಒಟ್ಟುಗೂಡಿಸಿ, ಹತ್ತುವ ಇಳಿಯುವ ಸ್ಥಳಗಳನ್ನು ಗೊತ್ತುಮಾಡಿ, ಒಂದು ಪರ್ಯಾಯ ಸಾರಿಗೆಯನ್ನೇ ಕಟ್ಟಿಕೊಂಡರು. 1995ರಲ್ಲಿ ಉತ್ತರ ಸಮುದ್ರದ ತೈಲಸಂಗ್ರಹದ ತೇಲುಗೋಪುರವೊಂದನ್ನು ಕಡಲಿನಲ್ಲಿ ಮುಳುಗಿಸಹೊರಟ ಶೆಲ್ ಕಂಪನಿಯ ಬಂಕುಗಳನ್ನು ಜರ್ಮನಿಯ ವಾಹನಸವಾರರು ತೊರೆದು, ಕಂಪನಿಯೇ ಆ ಸಂಕಲ್ಪವನ್ನು ಕೈಬಿಡುವಂತೆ ಮಾಡಿದ್ದೂ ಉಂಟು. ಅಲ್ಲಿಯೂ ಪರ್ಯಾಯವೊಂದಿತ್ತು, ಅದು ಪಕ್ಕದ ಬಂಕು. ಆ ವಿಜಯಿಗಳು ಒಂದು ತೊಟ್ಟು ಪೆಟ್ರೋಲನ್ನೂ ತ್ಯಜಿಸಿದವರಲ್ಲ.

ಬೆಲೆ ಏರಿದಾಗಲೆಲ್ಲ ನಮ್ಮ ಫೋನುಗಳಿಗೆ ಬರುವ ಸಂದೇಶವೊಂದಿದೆ: ಇಂಥ ದಿನ ಯಾರೂ ಪೆಟ್ರೋಲ್ ಕೊಳ್ಳಬೇಡಿರಿ, ಅಥವಾ ಇಂಥ ಕಂಪನಿಯ ಬಂಕಿಗೆ ಹೋಗಬೇಡಿರಿ. ಅಮೆರಿಕದಲ್ಲಿ 1999ರ ಏಪ್ರಿಲ್ 30ರಂದೇ ಇಂಥ ಏಕದಿನ ವ್ರತವೊಂದರ ಕರೆ ಹರಡಿತ್ತು. ಆ ದಿನ ಕೊಳ್ಳದವರು ಹಿಂದಿನ ದಿನ ತುಂಬಿಸಿಕೊಂಡರು, ಇಲ್ಲವೆ ಮರುದಿನ ತುಂಬಿಸಿಕೊಂಡರು. ಏಕಾದಶಿಯ ಉಪವಾಸಕ್ಕೆ ದ್ವಾದಶಿಯ ಪಾರಣೆ ಇದ್ದೇ ಇದೆ. ಇನ್ನು ಕಂಪನಿಯ ಆಯ್ಕೆಯ ಮಾತು. ಮಂಗಳೂರಿನ ಎಂಆರ್‌ಪಿಎಲ್ ಸಂಸ್ಕರಣಾಗಾರದಿಂದ ಹೊರಟ ಪೆಟ್ರೋಲು, ಡೀಸೆಲುಗಳು ನೆಲದಡಿಯ ಕೊಳವೆಯಲ್ಲಿ ನೆರಿಯದ ಬಳಿ ಘಟ್ಟವನ್ನೇರಿ, ಹಾಸನವನ್ನು ಹಾದು, ಸುಮಾರು 362 ಕಿಲೋಮೀಟರು ಕ್ರಮಿಸಿ ಹೊಸಕೋಟೆಯ ಕಡೆಯ ದೇವನಗೊಂದಿಯನ್ನು ಸೇರುತ್ತವೆ. ಅಲ್ಲಿ ಸರ್ಕಾರೀ ತೈಲ ಕಂಪನಿಗಳ ಸಂಗ್ರಹಾಗಾರಗಳು ಒಂದರ ನೆರೆಯಲ್ಲಿ ಒಂದು ನಿಂತಿವೆ. ಬಳ್ಳಾರಿ ರಸ್ತೆಯ ಎಡಬದಿಯ ಬಂಕನ್ನು ತಿರಸ್ಕರಿಸಿ ಬಲಬದಿಯದಕ್ಕೆ ಹೋಗುವ ಗ್ರಾಹಕನು ಬೋರ್ಡಿನ ಬಣ್ಣವನ್ನು ಬದಲಾಯಿಸಿದನೇ ಹೊರತು ಕೊಳವೆಯನ್ನಲ್ಲ. ಹಾಗೊಂದು ವೇಳೆ ಬಹಿಷ್ಕಾರ ನಾಲ್ಕು ದಿನ ನಡೆದೇಬಿಟ್ಟರೂ ಮೊದಲ ಪೆಟ್ಟು ಬೀಳುವುದು ದೆಹಲಿಗಲ್ಲ, ವಿಧಾನಸೌಧಕ್ಕಲ್ಲ. ಲೀಟರಿಗೆ ಕೆಲವೇ ರೂಪಾಯಿ ಕಮಿಷನ್ನಿನ ಮೇಲೆ ಬಂಕು ನಡೆಸುವವನಿಗೆ, ಬಿಸಿಲಲ್ಲಿ ನಿಂತು ನಳಿಕೆ ಹಿಡಿಯುವ ಹುಡುಗನಿಗೆ.

ಬೆಲೆಯ ರಾಜಕಾರಣವನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಅದು ಎತ್ತಿನಗಾಡಿಯ ಚರಿತ್ರೆ. 1973ರ ನವೆಂಬರಿನಲ್ಲಿ ಅಟಲ್ ಬಿಹಾರಿ ವಾಜಪೇಯಿಯವರು ಪೆಟ್ರೋಲಿನ ಬೆಲೆಯೇರಿಕೆಯನ್ನು ಪ್ರತಿಭಟಿಸಿ ಎತ್ತಿನಗಾಡಿಯಲ್ಲಿ ಸಂಸತ್ತಿಗೆ ಹೋದರು. 2021ರ ಸೆಪ್ಟೆಂಬರಿನಲ್ಲಿ ಸಿದ್ದರಾಮಯ್ಯನವರೂ ಡಿ.ಕೆ. ಶಿವಕುಮಾರರೂ ಅದೇ ಕಾರಣಕ್ಕೆ ಎತ್ತಿನಗಾಡಿ ಏರಿ ವಿಧಾನಸೌಧದತ್ತ ಬಂದರು. 2024ರಲ್ಲಿ ತೆರಿಗೆ ಏರಿಸಿದ್ದು ಅವರದೇ ಸರ್ಕಾರ, ಬೀದಿಗಿಳಿದದ್ದು ವಾಜಪೇಯಿಯವರ ಪಕ್ಷ. ಕೇಂದ್ರದ ಅಬಕಾರಿ ಸುಂಕವಾದರೋ, 2014ರಲ್ಲಿ ಲೀಟರ್ ಪೆಟ್ರೋಲಿಗೆ 9 ರೂಪಾಯಿ 48 ಪೈಸೆ ಇದ್ದುದು, ಕಚ್ಚಾತೈಲದ ಬೆಲೆ ಜಗತ್ತಿನಾದ್ಯಂತ ಕುಸಿದುಬಿದ್ದ 2020ರ ಮೇ ತಿಂಗಳಿಗೆ 32 ರೂಪಾಯಿ 98 ಪೈಸೆಯಾಗಿತ್ತು. ಅನಂತರ ಎರಡು ಸಲ ಇಳಿದದ್ದು ಜನರ ಕೂಗು ಮುಗಿಲು ಮುಟ್ಟಿದ ಮೇಲೆ. ಅಧಿಕಾರದಲ್ಲಿರುವವರಿಗೆ ಪೆಟ್ರೋಲ್ ತೆರಿಗೆ ಪ್ರಿಯವಾಗಿರುವ ಗುಟ್ಟು ಬ್ಯಾಟರಾಯನಪುರದ ಯೂಟರ್ನಿನಲ್ಲಿಯೇ ಇದೆ: ಬೆಲೆ ಏನಾದರೂ ಆಗಲಿ, ಜನ ಕೊಂಡೇ ತೀರುವ ವಸ್ತುವಿನ ಮೇಲೆ ತೆರಿಗೆ ಹಾಕುವಷ್ಟು ಸುಲಭವಾದ ವರಮಾನ ಖಜಾನೆಗೆ ಮತ್ತೊಂದಿಲ್ಲ. ಆದಕಾರಣ ನಮ್ಮ ಪರ್ಯಾಯಹೀನತೆಯಲ್ಲಿ ಸರ್ಕಾರಗಳಿಗೆ ಒಂದು ಹಿತಾಸಕ್ತಿಯಿದೆಯೆಂದು ಶಂಕಿಸಿದರೆ ಅದು ಅತಿಶಂಕೆಯಾಗಲಾರದು.

ಪೆಟ್ರೋಲಿಲ್ಲದೆ ಈ ಊರು ನಡೆಯಲಾರದೆಂಬುದು ಅನಾದಿಯಾದ ನಿಯಮವೇನಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸೈನ್ಯದ ಪಾಲಾಗಿ, ನಾಗರಿಕರಿಗೆ ಅಳೆದು ಕೊಡುವ ಪದಾರ್ಥವಾದಾಗ, ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆಯನ್ನು ಕಟ್ಟಿ, ಗಾಳಿ ತಿರುವಿ, ಅನಿಲವೆಬ್ಬಿಸಿ, ಕೆಮ್ಮುತ್ತ ಏದುತ್ತ ಗಾಡಿಗಳು ಓಡಿದವು. ದಿಣ್ಣೆ ಬಂದಾಗ ಪ್ರಯಾಣಿಕರು ಇಳಿದು ತಳ್ಳಿದರೆಂಬ ಕಥೆಗಳನ್ನು ಹಿರಿಯರಿಂದ ಕೇಳದವರು ವಿರಳ. 1940ರಲ್ಲಿ ಆರಂಭವಾದ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿಯ ಬಿ.ಟಿ.ಸಿ. ಬಸ್ಸನ್ನು ‘ಬಿಟ್ರೆ ತಿರುಗಿ ಸಿಗೋದಿಲ್ಲ’ ಎಂದು ಊರು ಗೇಲಿ ಮಾಡುತ್ತಿದ್ದುದುಂಟು. ಗೇಲಿ ಮಾಡಿದವರು ಆ ಬಸ್ಸಿಗಾಗಿಯೇ ಕಾದು ನಿಂತವರು; ಕಾಯುವವರಿಲ್ಲದ ಬಸ್ಸನ್ನು ಯಾರೂ ಹಾಸ್ಯ ಮಾಡುವುದಿಲ್ಲ. ಇಂದಿನ ಸ್ಥಿತಿಯೋ, ನಗರದಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿಯನ್ನು ಮೀರಿ, ಬಿಎಂಟಿಸಿಯ ಬಸ್ಸುಗಳು ಏಳು ಸಾವಿರದ ಆಸುಪಾಸಿನಲ್ಲೇ ವರ್ಷಾನುವರ್ಷ ಉಳಿದಿರುವಂಥದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ಟು ಉಚಿತವಾದ ಮೇಲೆ ಬಸ್ಸುಗಳು ತುಂಬಿ ತುಳುಕಿದ್ದನ್ನು ಕಂಡವರಿಗೆ, ಜನಕ್ಕೆ ಬಸ್ಸು ಬೇಡವೆಂಬ ಮಾತು ಎಷ್ಟು ಪೊಳ್ಳೆಂದು ತಿಳಿದಿರಬೇಕು.

ಇದೇ ಬಳ್ಳಾರಿ ರಸ್ತೆ ಒಂದು ಸಾರ್ಥಕವಾದ ‘ಬೇಡ’ವನ್ನು ಕಂಡಿದೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರು ಉದ್ದದ ಉಕ್ಕಿನ ಸೇತುವೆಯನ್ನು ಎಬ್ಬಿಸಲು ಹೊರಟಾಗ, ನೂರಾರು ಮರಗಳ ತಲೆ ಹೋಗುವುದನ್ನು ಅರಿತ ನಾಗರಿಕರು 2016ರ ಅಕ್ಟೋಬರ್ 16ರಂದು ರಸ್ತೆಯ ಬದಿಯಲ್ಲಿ ಮಾನವಸರಪಳಿಯಾಗಿ ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರವು ಯೋಜನೆಯನ್ನು ಹಿಂತೆಗೆದುಕೊಂಡಿತು. ಆ ಚಳವಳಿಯ ಶ್ರೇಷ್ಠತೆ ‘ಬೇಡ’ದಲ್ಲಿ ಮುಗಿಯದೆ, ಉಪನಗರ ರೈಲಿಗಾಗಿ ‘ಚುಕುಬುಕು ಬೇಕು’ ಎಂದೂ, ಬಸ್ಸಿಗಾಗಿ ‘ಬಸ್ ಭಾಗ್ಯ ಬೇಕು’ ಎಂದೂ ಮುಂದುವರಿದದ್ದರಲ್ಲಿದೆ. ಪೆಟ್ರೋಲ್ ಬಹಿಷ್ಕಾರದ ಸಂದೇಶಗಳಲ್ಲಿ ನನಗೆ ಕಾಣದಿರುವುದು ಈ ಎರಡನೆಯ ಭಾಗ. ‘ಬೇಡ’ವನ್ನು ಒಂದು ದಿನದಲ್ಲಿ ಹೇಳಿ ಮುಗಿಸಬಹುದು, ‘ಬೇಕು’ ಎನ್ನುವವನು ವರ್ಷಗಟ್ಟಲೆ ಕಚೇರಿಗಳ ಬಾಗಿಲಲ್ಲಿ ನಿಲ್ಲಬೇಕು. ಉಪನಗರ ರೈಲಿಗೆ 2022ರ ಜೂನ್ 20ರಂದು ಶಂಕುಸ್ಥಾಪನೆ ಮಾಡಿದ ಪ್ರಧಾನಿಯವರು ನಲವತ್ತು ತಿಂಗಳಲ್ಲಿ ಕೆಲಸ ಮುಗಿಯುವುದೆಂದು ಆಶ್ವಾಸನವಿತ್ತಿದ್ದರು. ಆ ನಲವತ್ತು ತಿಂಗಳು 2025ರ ಅಕ್ಟೋಬರಿಗೆ ಸಂದುಹೋದವು. ಯಲಹಂಕದ ಮೂಲಕ ದೇವನಹಳ್ಳಿಗೆ ಹೋಗಬೇಕಾದ ಮಾರ್ಗದಲ್ಲಿ ಒಂದು ರೈಲೂ ಓಡಲಿಲ್ಲ. ವಿಳಂಬವನ್ನು ವಿರೋಧಿಸಿ ಯಾರೂ ಎತ್ತಿನಗಾಡಿ ಏರಲಿಲ್ಲ.

ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ಹದಿನಾರು ಕಿಲೋಮೀಟರಿಗೂ ಮೀರಿದ ಸುರಂಗರಸ್ತೆಯ ಪ್ರಸ್ತಾಪವಾದರೋ ವೇಗದಿಂದ ಸಾಗಿತು. ಅದರ ಚರ್ಚೆಯ ಸಂದರ್ಭದಲ್ಲಿ, ಆಗ ಉಪಮುಖ್ಯಮಂತ್ರಿಗಳಾಗಿದ್ದ ಶಿವಕುಮಾರರು, ಕಾರಿಲ್ಲದ ಹುಡುಗನಿಗೆ ಹೆಣ್ಣು ಕೊಡುವವರಿಲ್ಲವೆಂಬ ಅರ್ಥದ ಮಾತನ್ನಾಡಿ ನಗೆಗೂ ಟೀಕೆಗೂ ಗುರಿಯಾದರು. ಟೀಕಿಸಿದವರು ಬಹುಮಂದಿ, ಆ ಮಾತು ಸುಳ್ಳೆಂದು ಸಾಧಿಸಿದವರನ್ನು ಮಾತ್ರ ನಾನು ಕಾಣೆ. ಕಾರು ನಮ್ಮಲ್ಲಿ ಕುಲ, ಗೋತ್ರಗಳ ಪಕ್ಕದಲ್ಲಿ ಕೂಡುವ ಯೋಗ್ಯತಾಪತ್ರವಾಗಿದೆ. ಆದರೆ ಸಮಾಜದ ಈ ದೌರ್ಬಲ್ಯವನ್ನು ಕಂಡ ಆಡಳಿತವು ಅದಕ್ಕೆ ಸುರಂಗವನ್ನು ತೋಡಿಕೊಡಬೇಕೆಂಬ ತರ್ಕ ವಿಚಿತ್ರವಾದುದು. ವರದಕ್ಷಿಣೆಯೂ ರೂಢಿಯಲ್ಲಿತ್ತು, ಅದಕ್ಕೆ ಯಾವ ಸರ್ಕಾರವೂ ಸಾಲ ಕೊಡಲಿಲ್ಲ. ರಾತ್ರಿಪಾಳಿ ಮುಗಿಸಿ ಬರುವವರಿಗೆ, ಡಯಾಲಿಸಿಸ್‌ಗೆ ಹೋಗುವ ವೃದ್ಧರಿಗೆ ಕಾರು ಬೇಕೇ ಬೇಕು. ಉಳಿದವರು ರಸ್ತೆಯನ್ನು ತೆರವು ಮಾಡಿದರೆ ಹೆಚ್ಚಿನ ಲಾಭವಾಗುವುದು ಅವರಿಗೇ.

2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೆಂದೇ ಪ್ರತ್ಯೇಕ ಪಥವೊಂದನ್ನು ಗುರುತು ಮಾಡಿ, ಬಸ್ಸು ಕಾರಿಗಿಂತ ಮುಂದೆ ಹೋಗಬಹುದೆಂಬುದನ್ನು ಈ ನಗರವೇ ತೋರಿಸಿತ್ತು. ಮೆಟ್ರೊ ಕಾಮಗಾರಿ ಬಂದು ಅದು ಅಳಿಸಿಹೋಯಿತು. ವಿಮಾನ ನಿಲ್ದಾಣದ ಮೆಟ್ರೊ ಮಾರ್ಗ ಕೊಡಿಗೇಹಳ್ಳಿ, ಜಕ್ಕೂರು ಕ್ರಾಸುಗಳನ್ನು ಹಾದು ಓಡುವ ದಿನದವರೆಗೆ ಬಳ್ಳಾರಿ ರಸ್ತೆಯ ಸರ್ವೀಸ್ ಪಥದಲ್ಲಿ, ಬೆಳಗ್ಗೆ ಮತ್ತು ಸಂಜೆಯ ಹೊತ್ತಿನಲ್ಲಾದರೂ, ಅಂಥದೊಂದು ಪಥವನ್ನು ಬಿಡಿಸಿಕೊಡುವುದಕ್ಕೆ ಸುರಂಗವೂ ಬೇಡ, ಸಾವಿರಾರು ಕೋಟಿಯೂ ಬೇಡ. ಬ್ಯಾಟರಾಯನಪುರಕ್ಕೆ ಹತ್ತಿರದಲ್ಲೇ ಕೊಡಿಗೇಹಳ್ಳಿಯ ರೈಲು ನಿಲ್ದಾಣವಿದೆ. ಹಳಿ ಇದೆ, ವಿದ್ಯುತ್ತು ಇದೆ, ಹೊತ್ತುಹೊತ್ತಿಗೆ ರೈಲಿಲ್ಲ. ಬಡಾವಣೆಗಳ ಒಳಗಿನಿಂದ ನಿಲ್ದಾಣದ ಬಾಗಿಲಿಗೆ ಜನರನ್ನು ತಂದು ಬಿಡುವ ಚಿಕ್ಕ ಬಸ್ಸುಗಳೂ ಸಾಲವು. 2024ರಲ್ಲಿ ತೆರಿಗೆಯನ್ನು ಏರಿಸಿದಾಗ ಆ ಹಣ ಅಗತ್ಯ ಸಾರ್ವಜನಿಕ ಸೇವೆಗಳಿಗೆ ಒದಗುವುದೆಂಬ ಸಮರ್ಥನೆ ಸರ್ಕಾರದಿಂದ ಬಂದಿತ್ತು. ಹಾಗಾದರೆ ಹೆಬ್ಬಾಳದಿಂದ ಯಲಹಂಕದವರೆಗಿನ ಬಂಕುಗಳಲ್ಲಿ ಲೀಟರಿಗೆ ಮೂರು ರೂಪಾಯಿಯಂತೆ ಹೆಚ್ಚಿಗೆ ಕೂಡಿದ ಹಣವೆಷ್ಟು, ಅದರಲ್ಲಿ ಇದೇ ಹಾದಿಯ ಬಸ್ಸಿಗೆ ಬಂದುದೆಷ್ಟು ಎಂದು ವರ್ಷಕ್ಕೊಮ್ಮೆ ಲೆಕ್ಕ ಕೇಳುವ ಅರ್ಜಿಯನ್ನು, ಬಹಿಷ್ಕಾರದ ಸಂದೇಶವನ್ನು ಹತ್ತು ಜನಕ್ಕೆ ಕಳುಹಿಸುವ ಬದಲು, ಆ ಹತ್ತು ಜನರ ಸಹಿ ಹಾಕಿಸಿ ಶಾಸಕರ ಕಚೇರಿಗೆ ಕೊಡಬಹುದು.