199 ಘಟಕಗಳಿಗೆ ಬೀಗ ಜಡಿದವರು ಮಳೆಯ ಲೆಕ್ಕ ಕೊಡಲಿ

ರೈತನ ಕೈಯಲ್ಲಿ ಮೊಬೈಲ್ ಇದೆ, ಮೇಲೆ ಉಪಗ್ರಹವಿದೆ, ಮಳೆ ಅಳೆಯಲು ಯಂತ್ರವಿದೆ. ಹೀಗಿರುವಾಗ ಕೃಷಿ ವಿಜ್ಞಾನ ಕೇಂದ್ರದಲ್ಲಿ ಹವಾಮಾನ ತಜ್ಞನೊಬ್ಬ ಕೂತಿರಬೇಕೇ ಎಂಬ ಮಾತು ದೆಹಲಿಯ ಕಡತಗಳಲ್ಲಿ ಹುಟ್ಟಿ ಈಗ ಊರೂರಿನಲ್ಲಿ ಜಾಣರ ಮಾತಾಗಿ ಓಡಾಡುತ್ತಿದೆ. ಹೀಗೆನ್ನುವವರು ಕರ್ನಾಟಕದ ಗಡಿಗೆ ಹತ್ತಿದ ಮಹಾರಾಷ್ಟ್ರದ ಉಮರ್ಗಾ, ನಿಲಂಗಾ, ಉದಗೀರದ ಎರೆ ಹೊಲಗಳಿಗೆ ಮಿರಗದ ಮಳೆಯ ಹೊತ್ತಿಗೆ ಒಮ್ಮೆ ಬರಬೇಕು. ಮೊದಲ ಮಳೆ ಬಿದ್ದ ಮರುದಿನ ಕೂರಿಗೆ ಹೂಡಬೇಕೋ ಬೇಡವೋ ಎಂದು ತಲೆ ಕೆಡಿಸಿಕೊಂಡು ಬದುವಿನ ಮೇಲೆ ಕೂತ ಮನುಷ್ಯನಿಗೆ ಉಪಗ್ರಹ ಉತ್ತರ ಕೊಡುವುದಿಲ್ಲ. ಅದು ಮೋಡದ ಚಿತ್ರ ಕೊಡುತ್ತದೆ. ಆ ಚಿತ್ರ ನೋಡಿ, ಈ ಮಣ್ಣಿನ ಹಸಿ ಎಷ್ಟು ದಿನ ನಿಲ್ಲುತ್ತದೆ, ಈ ಬೀಜಕ್ಕೆ ಎಷ್ಟು ತೇವ ಬೇಕು ಎಂದು ಕೂಡಿಸಿ ಕಳೆದು ‘ಇನ್ನೊಂದು ವಾರ ತಡೀರಿ’ ಎಂದು ಹೇಳುವವನು ಮನುಷ್ಯ. ಅಂಥ ಮನುಷ್ಯರನ್ನೇ ಸರ್ಕಾರ ಮನೆಗೆ ಕಳಿಸಿತು.

2024ರ ಜನವರಿ 17ರಂದು ಭಾರತೀಯ ಹವಾಮಾನ ಇಲಾಖೆಯಿಂದ ಒಂದು ಆದೇಶ ಹೊರಟಿತು. 2018ರಿಂದ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ತೆರೆದಿದ್ದ ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು ಆ ಆರ್ಥಿಕ ವರ್ಷದ ಕೊನೆಗೆ ಮುಚ್ಚಬೇಕು ಎಂಬುದೇ ಆ ಆದೇಶ. ದೇಶದಲ್ಲಿ ಒಟ್ಟು 530 ಘಟಕ ತೆರೆಯುವ ಯೋಜನೆಯಿತ್ತು. ತೆರೆದದ್ದು 199. ಆ 199ಕ್ಕೂ ಬೀಗ ಬಿತ್ತು. ಒಂದೊಂದರಲ್ಲಿ ಇದ್ದವರು ಇಬ್ಬರು: ಒಬ್ಬ ವಿಷಯ ತಜ್ಞ, ಒಬ್ಬ ವೀಕ್ಷಕ. ಇಬ್ಬರೂ ಗುತ್ತಿಗೆಯವರು. ಇಡೀ ದೇಶದಲ್ಲಿ ನಾನ್ನೂರು ತುಂಬದ ಜನರ ಸಂಬಳ ಈ ಸರ್ಕಾರಕ್ಕೆ ಭಾರವಾಯಿತು.

ಮುಚ್ಚಲು ಕೊಟ್ಟ ಕಾರಣ ಕೇಳಿದರೆ ಸಿಟ್ಟು ಇನ್ನಷ್ಟು ಏರುತ್ತದೆ. ಈ ಸಿಬ್ಬಂದಿಯ ಕೆಲಸ ಹವಾಮಾನದ ಅಂಕಿಅಂಶ ಸಂಗ್ರಹಿಸುವುದು, ಅದನ್ನೀಗ ಸ್ವಯಂಚಾಲಿತ ಯಂತ್ರಗಳು ಮಾಡುತ್ತವೆ, ಆದ್ದರಿಂದ ಇವರು ಬೇಡ ಎಂದು ನೀತಿ ಆಯೋಗದ ಕಡೆಯಿಂದ ಹೇಳಲಾಯಿತೆಂದು ಆ ಹೊತ್ತಿಗೆ ಬಯಲಾದ ದಾಖಲೆಗಳು ತೋರಿಸಿದವು. ರೈತರಿಗೆ ಪುಕ್ಕಟೆ ಕೊಡುತ್ತಿರುವ ಈ ಸೇವೆಗೆ ಹಣ ಪಡೆಯಬೇಕು ಎಂಬ ಸಲಹೆಯೂ ಅದರ ಜೊತೆಗಿತ್ತು. ಮೊದಲ ಮಾತು ಶುದ್ಧ ಸುಳ್ಳು. ಘಟಕದ ತಜ್ಞ ಮಳೆಮಾಪಕದ ಮುಂದೆ ಕೂತು ಮಿಲಿಮೀಟರ್ ಬರೆದುಕೊಳ್ಳಲು ನೇಮಕಗೊಂಡವನಲ್ಲ. ಇಲಾಖೆ ಕಳಿಸಿದ ಐದು ದಿನಗಳ ಮುನ್ಸೂಚನೆಯನ್ನು ತಾಲೂಕು ತಾಲೂಕಿನ ಬೆಳೆಯ ಹಂತಕ್ಕೆ ಹೊಂದಿಸಿ, ಔಷಧಿ ಹೊಡೆಯಬೇಕೋ, ನೀರು ಹಾಯಿಸಬೇಕೋ, ಕೊಯ್ದ ರಾಶಿ ಮುಚ್ಚಬೇಕೋ ಎಂದು ಹೇಳುವುದೇ ಅವನ ಕೆಲಸವಾಗಿತ್ತು. ಸ್ವತಃ ಕೇಂದ್ರ ಸಚಿವ ನಿತಿನ್ ಗಡ್ಕರಿ ಸೇರಿದಂತೆ ಹಲವರು, ಗುಜರಾತಿನ ಆನಂದ್ ಪಟ್ಟಣದ ಕೃಷಿ ಹವಾಮಾನ ತಜ್ಞರ ಸಂಘದವರೂ, ಮುಚ್ಚಬೇಡಿ ಎಂದು ಪತ್ರ ಬರೆದರೆಂದು ವರದಿಯಾಯಿತು. ಪತ್ರಗಳು ಕಡತ ಸೇರಿದವು. ಬೀಗ ತೆರೆಯಲಿಲ್ಲ.

ಈ ಗಡಿ ಸೀಮೆಗೆ ಹವಾಮಾನ ಬದಲಾವಣೆ ಅನ್ನುವುದು ದೂರದ ದೇಶಗಳ ಸಮ್ಮೇಳನದ ವಿಷಯವಲ್ಲ. 2016ರ ಏಪ್ರಿಲ್‌ನಲ್ಲಿ ಮಾಂಜರಾ ಅಣೆಕಟ್ಟು ಬರಿದಾಗಿ, ಲಾತೂರಿಗೆ ಮಿರಜದಿಂದ ರೈಲಿನಲ್ಲಿ ಕುಡಿಯುವ ನೀರು ಬಂತು. ನೀರಿನ ಟ್ಯಾಂಕುಗಳ ಸುತ್ತ ಜನ ಸೇರದಂತೆ 144ನೇ ಕಲಂ ಹಾಕಿದ್ದ ಊರು ಅದು. 2025ರ ಸೆಪ್ಟೆಂಬರ್‌ನಲ್ಲಿ ಅದೇ ಲಾತೂರು ಇರುವ ಮರಾಠವಾಡಾ ಸೀಮೆಯಲ್ಲಿ ಸೋಯಾಬೀನ್ ಕೊಯ್ಲಿಗೆ ಬರುವ ಹೊತ್ತಿಗೆ ಹೊಲಗಳು ಕೆರೆಗಳಾದವು. ಅಕ್ಟೋಬರ್ 7ರಂದು ಮಹಾರಾಷ್ಟ್ರ ಸರ್ಕಾರ 31,628 ಕೋಟಿ ರೂಪಾಯಿಯ ಪರಿಹಾರ ಘೋಷಿಸಬೇಕಾಯಿತು. ಹತ್ತು ವರ್ಷದೊಳಗೆ ಒಂದೇ ನೆಲ ರೈಲಿನ ನೀರನ್ನೂ ಕಂಡಿತು, ಎದೆಮಟ್ಟದ ನೀರನ್ನೂ ಕಂಡಿತು. ಇಂಥ ನೆಲದಲ್ಲಿ ಮುಂಗಡವಾಗಿ ಎಚ್ಚರಿಸುವ ಬಾಯಿ ಮುಚ್ಚಿಸಿ, ಆಮೇಲೆ ಸಾವಿರಾರು ಕೋಟಿಯ ಪರಿಹಾರ ಸಾರುವುದು ಎಂಥ ಆಡಳಿತ?

ವಿಶ್ವವಿದ್ಯಾಲಯದ ಸಂಶೋಧನೆ ಅಂದರೆ ಪ್ರಬಂಧ, ಪದೋನ್ನತಿ, ಇಟ್ಟಿಗೆ ಗೋಡೆ ಎಂದು ಗೇಲಿ ಮಾಡುವವರು ಪರಭಣಿಯ ಕಡೆ ನೋಡಲಿ. 1972ರಲ್ಲಿ ಹುಟ್ಟಿದ, ಈಗ ವಸಂತರಾವ್ ನಾಯಕ ಮರಾಠವಾಡಾ ಕೃಷಿ ವಿದ್ಯಾಪೀಠವೆಂದು ಹೆಸರಾದ ಆ ಸಂಸ್ಥೆಯ ಗ್ರಾಮೀಣ ಕೃಷಿ ಮೌಸಮ್ ಸೇವೆ ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಮರಾಠವಾಡಾದ ಜಿಲ್ಲೆಗಳಿಗೆ ಸಲಹಾ ಪತ್ರಿಕೆ ಹೊರಡಿಸುತ್ತದೆ. ಅದರಲ್ಲಿ ಪ್ರತಿ ಜೂನ್‌ನಲ್ಲಿ ತಪ್ಪದೆ ಬರುವ ಮಾತೊಂದಿದೆ: 75ರಿಂದ 100 ಮಿಲಿಮೀಟರ್ ಮಳೆ ಆಗುವತನಕ ಬಿತ್ತಬೇಡಿ. ಕೇಳಲು ಸಣ್ಣ ಮಾತು. ಆದರೆ ಮೂವತ್ತು ಮಿಲಿಮೀಟರ್ ಮಳೆಗೆ ಹಿಗ್ಗಿ ಸೋಯಾಬೀನ್ ಬಿತ್ತಿ, ಆಮೇಲೆ ಹದಿನೈದು ದಿನ ಮೋಡ ಮರೆಯಾಗಿ, ಮೊಳಕೆ ಮಣ್ಣಲ್ಲೇ ಸತ್ತು, ಸಾಲ ಮಾಡಿ ಎರಡನೇ ಸಲ ಬೀಜ ತಂದವರನ್ನು ಕೇಳಬೇಕು ಆ ಮಾತಿನ ಬೆಲೆ. ‘ದುಬಾರ ಪೇರಣಿ’, ಅಂದರೆ ಮರುಬಿತ್ತನೆ, ಎಂಬ ಮಾತು ಈ ಸೀಮೆಯ ಕನ್ನಡದ ಮನೆಗಳಲ್ಲೂ ಬಾಯಿಪಾಠವಾಗಿದೆ. ಮರುಬಿತ್ತನೆಗೆ ಮಳೆಯೊಂದೇ ಕಾರಣವಲ್ಲ. 2020ರಲ್ಲಿ ಮಾರುಕಟ್ಟೆಯ ಸೋಯಾಬೀನ್ ಬೀಜ ಮೊಳೆಯದೆ ಮರಾಠವಾಡಾದ ತುಂಬ ದೂರು ಎದ್ದು, ಪ್ರಕರಣ ಔರಂಗಾಬಾದ್ ಹೈಕೋರ್ಟ್ ಪೀಠದ ತನಕ ಹೋಯಿತು. ನೂರು ಕಾಳು ಎಣಿಸಿ ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟು, ಎಪ್ಪತ್ತಾದರೂ ಮೊಳೆತರೆ ಮಾತ್ರ ಬಿತ್ತಿರಿ ಎಂದು ಮನೆಯಲ್ಲೇ ಮಾಡುವ ಪರೀಕ್ಷೆಯನ್ನು ಕಲಿಸುವವರು ಬೀಜ ಮಾರುವ ಅಂಗಡಿಯವರಲ್ಲ, ಕೃಷಿ ವಿಜ್ಞಾನ ಕೇಂದ್ರದವರು.

ಇದೇ ವಿದ್ಯಾಪೀಠದ ಬದನಾಪುರ ಕೇಂದ್ರದಿಂದ ಬಂದ ಬಿಡಿಎನ್-711 ತೊಗರಿ ಸುಮಾರು ಐದು ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆ. ಹಳೆಯ ತಳಿಗಳು ಕಾಯಿ ಕಟ್ಟುವ ಹೊತ್ತಿಗೆ ನೆಲದ ಹಸಿ ಆರಿಹೋಗುತ್ತಿತ್ತು. ಇದು ಅದಕ್ಕೂ ಮೊದಲೇ ಕಾಯಿ ಕಟ್ಟಿ ಬರವನ್ನು ತಪ್ಪಿಸಿಕೊಳ್ಳುತ್ತದೆ. ಉದಗೀರದ ದಾಲ್ ಮಿಲ್ಲುಗಳಿಗೆ ಬರುವ ತೊಗರಿಯ ಹಿಂದೆ ಇಂಥ ವರ್ಷಾನುಗಟ್ಟಲೆಯ ಕೆಲಸವಿದೆ. ಬಿಬಿಎಫ್ ಪದ್ಧತಿಯೂ ಹಾಗೆಯೇ: ಎತ್ತರದ ಅಗಲ ಮಡಿಯ ಮೇಲೆ ನಾಲ್ಕು ಸಾಲು ಬೆಳೆ, ಎರಡೂ ಬದಿಗೆ ಕಾಲುವೆ. ಮಳೆ ಹೆಚ್ಚಾದರೆ ನೀರು ಕಾಲುವೆಯಲ್ಲಿ ಹರಿದುಹೋಗುತ್ತದೆ, ಮಳೆ ಕೈಕೊಟ್ಟರೆ ಕಾಲುವೆಯಲ್ಲಿ ಇಂಗಿದ ಹಸಿ ಬೇರಿಗೆ ಸಿಗುತ್ತದೆ. ಬರಕ್ಕೂ ಅತಿವೃಷ್ಟಿಗೂ ಒಂದೇ ಹೊಲದಲ್ಲಿ ತಯಾರಿ ಮಾಡಿಕೊಳ್ಳುವ ಉಪಾಯವಿದು. ಎರೆ ಮಣ್ಣಿಗೆ ಹೇಳಿ ಮಾಡಿಸಿದ್ದು. ದೇವಣಿ ದನದ ಕಥೆಯೂ ಬೇರೆಯಲ್ಲ. ಬಿಸಿಲು ತಡೆಯುವ ಈ ನಾಡತಳಿಯ ತವರು ಉದಗೀರದ ಪಕ್ಕದ ದೇವಣಿ. ಅದನ್ನು ಉಳಿಸುವ ವಿದ್ಯೆ ಉದಗೀರದ ಪಶುವೈದ್ಯ ಕಾಲೇಜಿನಲ್ಲೂ ಇದೆ, ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದಲ್ಲೂ ಇದೆ.

ವಿದ್ಯೆ ಇದೆ, ತಳಿ ಇದೆ, ಪದ್ಧತಿ ಇದೆ. ಅವು ಪರಭಣಿಯಿಂದ ಉಮರ್ಗಾದ ಕಡೆಯ ಹಳ್ಳಿಗೆ ಮುಟ್ಟಬೇಕಾದರೆ ನಡುವೆ ಒಬ್ಬ ಮನುಷ್ಯ ಬೇಕು. ಹಗ್ಗ ಕತ್ತರಿಸಿ ಬಾವಿಯಲ್ಲಿ ನೀರಿದೆಯಲ್ಲ ಎಂದ ಹಾಗಿದೆ ಈ 199 ಘಟಕಗಳನ್ನು ಮುಚ್ಚಿದ ನ್ಯಾಯ.

ಹಣವಿಲ್ಲ ಎಂಬ ನೆಪವನ್ನಂತೂ ಯಾರೂ ಹೇಳಬಾರದು. ರಾಷ್ಟ್ರೀಯ ಮಾನ್ಸೂನ್ ಮಿಷನ್ ಮತ್ತು ಅದರ ಸೂಪರ್ ಕಂಪ್ಯೂಟರುಗಳಿಗೆ ಹಾಕಿದ ಸುಮಾರು ಸಾವಿರ ಕೋಟಿಯಿಂದ ದೇಶಕ್ಕೆ ಏನು ಬಂತು ಎಂದು ಅನ್ವಯಿಕ ಆರ್ಥಿಕ ಸಂಶೋಧನೆಯ ರಾಷ್ಟ್ರೀಯ ಮಂಡಳಿ 2020ರಲ್ಲಿ ಲೆಕ್ಕ ಹಾಕಿತು. ಹಾಕಿದ ಒಂದೊಂದು ರೂಪಾಯಿಗೆ ಐವತ್ತು ರೂಪಾಯಿಯ ಲಾಭ! ಆ ಸಮೀಕ್ಷೆಯಲ್ಲಿ ಮಾತಾಡಿಸಿದ ರೈತರಲ್ಲಿ ಬಹುತೇಕ ಎಲ್ಲರೂ ಹವಾಮಾನ ಸಲಹೆ ಕೇಳಿ ಒಂದಲ್ಲ ಒಂದು ಬೇಸಾಯದ ಕೆಲಸ ಬದಲಿಸಿಕೊಂಡಿದ್ದರು. ಒಂದಕ್ಕೆ ಐವತ್ತು ಕೊಡುವ ಕೆಲಸ ಇನ್ನಾವ ಇಲಾಖೆಯಲ್ಲಿದೆ? ಆ ಐವತ್ತು ಹುಟ್ಟುವುದು ಸೂಪರ್ ಕಂಪ್ಯೂಟರಿನ ಒಳಗಲ್ಲ, ರೈತ ಸಲಹೆ ಕೇಳಿ ಬಿತ್ತನೆಯ ದಿನ ಬದಲಿಸಿದಾಗ. ಘಟಕಗಳನ್ನು ಮುಚ್ಚಿ ಆರು ತಿಂಗಳಾಗುವಷ್ಟರಲ್ಲಿ, 2024ರ ಸೆಪ್ಟೆಂಬರ್ 11ರಂದು, ಇದೇ ಕೇಂದ್ರ ಸಂಪುಟ ಮಿಷನ್ ಮೌಸಮ್‌ಗೆ ಎರಡು ವರ್ಷಕ್ಕೆ 2,000 ಕೋಟಿ ರೂಪಾಯಿ ಮಂಜೂರು ಮಾಡಿತು. ರಾಡಾರಿಗೆ ದುಡ್ಡಿದೆ, ಕಂಪ್ಯೂಟರಿಗೆ ದುಡ್ಡಿದೆ. ರೈತನ ಜೊತೆ ಮಾತಾಡುವವನಿಗೆ ಮಾತ್ರ ಇಲ್ಲ. ಮುಂದೆ ಘಟಕಗಳನ್ನು ಮತ್ತೆ ತೆರೆಯುವ ವಿಚಾರವಿದೆ ಎಂಬ ಸುದ್ದಿ ಬಂತು. ವಿಚಾರದಿಂದ ಹೊಲಕ್ಕೆ ಹಸಿ ಬರುವುದಿಲ್ಲ.

ಇನ್ನು ಗಡಿಯ ಹೆಸರಿನಲ್ಲಿ ನಡೆಯುವ ರಾಜಕಾರಣ. 2022ರ ಡಿಸೆಂಬರ್ 22ರಂದು ಕರ್ನಾಟಕದ ವಿಧಾನಮಂಡಲ ಒಂದಿಂಚೂ ಬಿಡೆವು ಎಂದು ನಿರ್ಣಯ ಮಾಡಿತು. ಐದೇ ದಿನಕ್ಕೆ, 27ರಂದು, ಮಹಾರಾಷ್ಟ್ರದ ವಿಧಾನಮಂಡಲ 865 ಹಳ್ಳಿಗಳು ತನ್ನವೆಂದು ನಿರ್ಣಯ ಮಾಡಿತು. ಇಷ್ಟು ಚುರುಕು ಈ ಎರಡೂ ಸದನಗಳಿಗೆ ಮಳೆಯ ವಿಷಯದಲ್ಲಿ ಯಾವತ್ತಾದರೂ ಬಂದಿದೆಯೇ? ಉದಗೀರ, ನಿಲಂಗಾ 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲೇ ಇದ್ದವು. ತೇರಣಾ ನದಿ ಔರಾದ್ ಶಹಾಜಾನಿಯ ಹತ್ತಿರ ಮಾಂಜರೆಯನ್ನು ಕೂಡಿ ಬೀದರಿಗೇ ಹರಿಯುತ್ತದೆ. ಎರಡೂ ಕಡೆ ಅದೇ ಎರೆ, ಅದೇ ತೊಗರಿ, ಅದೇ ಸೋಯಾಬೀನ್. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕನ್ನಡ ಸಲಹೆ ಬೀದರ್ ಜಿಲ್ಲೆಯ ಗಡಿಗೆ ಬಂದು ನಿಲ್ಲುತ್ತದೆ. ಪರಭಣಿಯ ಮರಾಠಿ ಸಲಹೆ ಅದೇ ಗಡಿಗೆ ಆ ಕಡೆಯಿಂದ ಬಂದು ನಿಲ್ಲುತ್ತದೆ. ಶಾಲೆಯಲ್ಲಿ ಮರಾಠಿ ಕಲಿತವರು ಪರಭಣಿಯ ಪತ್ರಿಕೆ ಓದಿಕೊಳ್ಳುತ್ತಾರೆ, ಅದು ತಕರಾರಲ್ಲ. ಮನೆಯ ಮಾತೂ ಹೊಲದ ಮಾತೂ ಕನ್ನಡವೇ ಆಗಿರುವ ಹಿರಿಯರಿಗೆ, ಶಾಲೆಯ ಮೆಟ್ಟಿಲು ಹತ್ತದೆ ಕಳೆ ಕೀಳುವ, ರಾಶಿ ಮಾಡುವ ಹೆಣ್ಣುಮಕ್ಕಳಿಗೆ ಅವರ ಮಾತಿನಲ್ಲಿ ಒಂದು ಸಂದೇಶ ಕಳಿಸಲು ಯಾವ ಸುಪ್ರೀಂ ಕೋರ್ಟಿನ ತೀರ್ಪು ಬೇಕು? ಗಡಿನಾಡ ಕನ್ನಡಿಗರ ಮೇಲೆ ಪ್ರೀತಿ ಉಕ್ಕಿಸುವ ಬೆಂಗಳೂರಿನ ನಾಯಕರು ನವೆಂಬರ್ ತಿಂಗಳ ಭಾಷಣ ಕಡಿಮೆ ಮಾಡಿ, ಜೂನ್ ತಿಂಗಳಲ್ಲಿ ಉಮರ್ಗಾಕ್ಕೊಂದು ಕನ್ನಡ ಹವಾಮಾನ ಸಲಹೆ ಕಳಿಸಿದ್ದರೆ ಅದು ದೊಡ್ಡ ಕನ್ನಡ ಸೇವೆಯಾಗುತ್ತಿತ್ತು.

ಮಳೆ ಅಳೆಯುವುದರಲ್ಲೂ ಗಡಿ ಅಡ್ಡ ಬಂದಿದೆ. ಕರ್ನಾಟಕದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನಿಲ್ಲಿಸಿದೆ. ರೈತ ‘ವರುಣಮಿತ್ರ’ಕ್ಕೆ ಫೋನ್ ಹಚ್ಚಿ ಕೇಳಬಹುದು. ಮಹಾರಾಷ್ಟ್ರದ ‘ಮಹಾವೇಧ’ದ ಯಂತ್ರಗಳಿರುವುದು ಕಂದಾಯ ಮಂಡಲಕ್ಕೆ ಒಂದರಂತೆ. ಒಂದು ಮಂಡಲವೆಂದರೆ ಹಲವು ಹಳ್ಳಿ. ಅಲ್ಲಿ 24 ತಾಸಿನಲ್ಲಿ 65 ಮಿಲಿಮೀಟರ್ ದಾಟಿದರೆ ಅತಿವೃಷ್ಟಿ. ಯಂತ್ರವಿರುವ ಊರಿನಲ್ಲಿ 60 ಬಿದ್ದು, ಎರಡು ಹರದಾರಿ ಆಚೆಯ ಊರಿನಲ್ಲಿ ಬೆಳೆ ಕೊಚ್ಚಿಹೋದರೂ ಕಾಗದದಲ್ಲಿ ಅತಿವೃಷ್ಟಿ ಇಲ್ಲ. ಇದು ಸಾಲದೆಂಬಂತೆ 2025ರ ಮುಂಗಾರಿನಿಂದ ಮಹಾರಾಷ್ಟ್ರದ ಬೆಳೆವಿಮೆಯಲ್ಲಿ ಸ್ಥಳೀಯ ವಿಪತ್ತು, ಕೊಯ್ಲಿನ ನಂತರದ ನಷ್ಟ ಮುಂತಾದ ಕಲಮುಗಳನ್ನೇ ಕಿತ್ತುಹಾಕಿ, ಬೆಳೆ ಕಟಾವು ಪ್ರಯೋಗದ ಇಳುವರಿಯನ್ನಷ್ಟೇ ಇಟ್ಟುಕೊಂಡರು. ಅದೇ ಸೆಪ್ಟೆಂಬರ್‌ನಲ್ಲಿ ಹೊಲಗಳು ಮುಳುಗಿದವು.

ಕಬ್ಬಿನ ವಿಷಯ ಹೇಳದೆ ಬಿಡಲಾಗದು. ಮಹಾರಾಷ್ಟ್ರದ ಸಾಗುವಳಿಯಲ್ಲಿ ನೂರಕ್ಕೆ ನಾಲ್ಕರಷ್ಟೂ ಇಲ್ಲದ ಕಬ್ಬು ನೀರಾವರಿಯ ನೀರಿನಲ್ಲಿ ನೂರಕ್ಕೆ ಎಪ್ಪತ್ತರಷ್ಟನ್ನು ಕುಡಿಯುತ್ತದೆಂದು ಕೇಂದ್ರದ ಕೃಷಿ ಬೆಲೆ ಆಯೋಗವೇ ಹೇಳಿದೆ. ಮರಾಠವಾಡಾದಲ್ಲಿ ಹೊಸ ಸಕ್ಕರೆ ಕಾರ್ಖಾನೆ ಬೇಡವೆಂದು 1999ರಲ್ಲೇ ರಾಜ್ಯದ ನೀರಾವರಿ ಕುರಿತ ಚಿತಳೆ ಆಯೋಗ ಹೇಳಿತ್ತು. ಕಾರ್ಖಾನೆಗಳು ಬಂದವು. ವಿಜ್ಞಾನ ಹೇಳಿದ್ದನ್ನು ಕೇಳದಿರುವುದು ಈ ಸೀಮೆಯ ಆಳುವವರ ಹಳೆಯ ಚಾಳಿ. ಈಗ ಹೇಳುವವರನ್ನೇ ತೆಗೆದುಹಾಕುವ ಮಟ್ಟಕ್ಕೆ ಬಂದಿದ್ದಾರೆ.

ಹಾಗೆಂದು ಎಲ್ಲ ಕಡೆ ಕತ್ತಲೆಯಿಲ್ಲ. ವಿಶ್ವಬ್ಯಾಂಕಿನ 42 ಕೋಟಿ ಡಾಲರ್ ಸಾಲದಲ್ಲಿ 2018ರಲ್ಲಿ ಶುರುವಾದ ನಾನಾಜಿ ದೇಶಮುಖ ಕೃಷಿ ಸಂಜೀವನಿ ಯೋಜನೆಗೆ ಐಐಟಿ ಬಾಂಬೆಯ ಸಂಶೋಧಕರು ಹಳ್ಳಿ ಹಳ್ಳಿಯ ನೀರಿನ ಲೆಕ್ಕ ಮಾಡುವ ವಿಧಾನ ಕಟ್ಟಿಕೊಟ್ಟರು: ಬಿದ್ದ ಮಳೆ ಎಷ್ಟು, ಹರಿದುಹೋದದ್ದೆಷ್ಟು, ಇಂಗಿದ್ದೆಷ್ಟು, ಬೆಳೆಗೆ ಬೇಕಾದದ್ದೆಷ್ಟು. ಒಂದು ಸಂಶೋಧನಾ ಕೇಂದ್ರ ಸರ್ಕಾರದ ಯೋಜನೆಯ ಒಳಗೆ ಕೂತು ಹಳ್ಳಿಯ ಲೆಕ್ಕ ಹಿಡಿದರೆ ಏನಾಗಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅದೇ ಸರ್ಕಾರಗಳು ಇನ್ನೊಂದು ಕೈಯಲ್ಲಿ ಕೃಷಿ ವಿಜ್ಞಾನ ಕೇಂದ್ರದ ಬಾಗಿಲು ಎಳೆಯುತ್ತವೆ.

ಆದ್ದರಿಂದ ಕೇಳಬೇಕಾದದ್ದು ಇಷ್ಟು. ಮುಚ್ಚಿದ 199 ಘಟಕಗಳನ್ನು ತೆರೆಯಿರಿ. ಗುತ್ತಿಗೆಯ ಮೇಲಲ್ಲ, ಕಾಯಂ ಹುದ್ದೆಗಳೊಂದಿಗೆ. ಯೋಜನೆಯಲ್ಲಿದ್ದ ಉಳಿದ 331 ಜಿಲ್ಲೆಗಳಿಗೂ ಅವನ್ನು ಕೊಡಿ. ಪರಭಣಿ ಮತ್ತು ರಾಯಚೂರಿನ ವಿಜ್ಞಾನಿಗಳು ಮಾಂಜರಾ ಕೊಳ್ಳಕ್ಕೆ ಒಂದೇ ಸಲಹಾ ಪತ್ರಿಕೆ ತಯಾರಿಸಿ ಮರಾಠಿ, ಕನ್ನಡ ಎರಡರಲ್ಲೂ ಕಳಿಸಲಿ. ಮಳೆಮಾಪಕ ಮಂಡಲದಿಂದ ಗ್ರಾಮ ಪಂಚಾಯಿತಿಗೆ ಇಳಿಯಲಿ. ಉಮರ್ಗಾ, ನಿಲಂಗಾ, ಉದಗೀರದ ಮತದಾರರು ಮುಂದಿನ ಸಲ ಓಟು ಕೇಳಲು ಬಂದವರನ್ನು, ಅವರು ಯಾವ ಪಕ್ಷದವರೇ ಆಗಿರಲಿ, ಮೊದಲು ಕೂರಿಸಿ ಕೇಳಲಿ: ನಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಹವಾಮಾನ ತಜ್ಞನ ಕುರ್ಚಿ ಯಾವತ್ತು ತುಂಬುತ್ತದೆ?