ಕಾಲುಸಂಕದ ಪಾಠ: ಕರಾವಳಿಯ ರಾಜ್ಯಶಾಸ್ತ್ರಕ್ಕೆ ಅರುವತ್ತು ವರ್ಷ

ಕುಂದಾಪುರದಲ್ಲಿ ಭಂಡಾರ್ಕಾರ್ಸ್ ಕಾಲೇಜು ಶುರುವಾದದ್ದು 1963ರಲ್ಲಿ. ಅಲ್ಲಿಯವರೆಗೆ ಈ ಸೀಮೆಯ ಹುಡುಗರು ಪದವಿ ಓದಬೇಕೆಂದರೆ ಉಡುಪಿಯ ಎಂಜಿಎಂ ಕಾಲೇಜಿಗೋ ಮಂಗಳೂರಿಗೋ ಹೋಗಬೇಕಿತ್ತು. ಹೆಚ್ಚಿನ ಮನೆಗಳಲ್ಲಿ ಹುಡುಗಿಯರ ಮಟ್ಟಿಗೆ ಆ ಮಾತೇ ಏಳುತ್ತಿರಲಿಲ್ಲ. ಆಮೇಲೆ ಬ್ರಹ್ಮಾವರಕ್ಕೆ ಎಸ್‌ಎಂಎಸ್ ಮತ್ತು ಕ್ರಾಸ್‌ಲ್ಯಾಂಡ್ ಕಾಲೇಜುಗಳು ಬಂದವು. ಬೈಂದೂರು, ಶಂಕರನಾರಾಯಣ, ಬಾರ್ಕೂರು, ಕೋಟದ ಪಡುಕೆರೆಗಳಲ್ಲಿ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳು ಎದ್ದವು. ಮೀನುಗಾರರ, ಗೇಣಿದಾರರ, ಹಂಚಿನ ಕಾರ್ಖಾನೆ ಕೆಲಸಗಾರರ ಮಕ್ಕಳು ತಮ್ಮ ಮನೆಯ ಮೊದಲ ಪದವೀಧರರಾದರು. ಅವರಲ್ಲಿ ಎಷ್ಟೋ ಮಂದಿ ಹಿಡಿದದ್ದು ಬಿ.ಎ. ದಾರಿ. ಇತಿಹಾಸ, ಅರ್ಥಶಾಸ್ತ್ರದ ಜೊತೆಗೆ ಅವರ ಕೈಗೆ ಬಂದ ವಿಷಯ ರಾಜ್ಯಶಾಸ್ತ್ರ.

ಆರು ದಶಕ ದಾಟಿದ ಮೇಲೆ ಈ ವಿಷಯದ ಲೆಕ್ಕವನ್ನು ಒಮ್ಮೆ ಬಿಚ್ಚಿ ನೋಡುವುದು ನ್ಯಾಯ. ವಿಭಾಗಗಳ ವಾರ್ಷಿಕ ವರದಿಗಳಲ್ಲಿ ವಿಚಾರ ಸಂಕಿರಣ, ರ‍್ಯಾಂಕು, ಪಿಎಚ್‌ಡಿಗಳ ಪಟ್ಟಿ ಇರುತ್ತದೆ. ಆ ಸಾಧನೆಗೆ ಗೌರವ ಸಲ್ಲಲಿ. ನಮ್ಮ ಪ್ರಶ್ನೆ ಇನ್ನೊಂದು: ಕಾಲೇಜಿನ ಗೇಟಿನಾಚೆ ನಡೆದ ರಾಜಕೀಯವನ್ನು ನಮ್ಮ ರಾಜ್ಯಶಾಸ್ತ್ರ ಎಷ್ಟು ನೋಡಿತು, ಎಷ್ಟು ಬರೆದಿಟ್ಟಿತು?

ಮೊದಲು ಗಳಿಕೆಯ ಮಾತು. ಕೊಣಾಜೆಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಮಂಗಳಗಂಗೋತ್ರಿ 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಬೈಂದೂರಿನವರಿಗೆ ಅದು ನೂರು ಕಿಲೋಮೀಟರಿಗೂ ಹೆಚ್ಚು ದೂರ. ಆದರೂ ಧಾರವಾಡ, ಮೈಸೂರುಗಳಷ್ಟು ದೂರವಲ್ಲ. ಅಲ್ಲಿನ ರಾಜ್ಯಶಾಸ್ತ್ರ ವಿಭಾಗದಲ್ಲಿ ವಲೇರಿಯನ್ ರಾಡ್ರಿಗಸ್ ಅವರಂಥ ವಿದ್ವಾಂಸರು ಪಾಠ ಮಾಡಿದರು. ಅವರು ಸಂಪಾದಿಸಿದ ಅಂಬೇಡ್ಕರ್ ಅವರ ಆಯ್ದ ಬರಹಗಳ ಸಂಪುಟ 2002ರಲ್ಲಿ ಆಕ್ಸ್‌ಫರ್ಡ್ ಪ್ರಕಾಶನದಿಂದ ಬಂತು. ಇಂದಿಗೂ ದೇಶದಾದ್ಯಂತ ತರಗತಿಗಳಲ್ಲಿ ಓದಿಸುವ ಪುಸ್ತಕ ಅದು. ಬಿ.ಎಲ್. ಶಂಕರ್ ಅವರ ಜೊತೆ ಸೇರಿ ಅವರು ಭಾರತದ ಸಂಸತ್ತಿನ ಬಗ್ಗೆಯೂ ಗ್ರಂಥ ಬರೆದರು. ರಾಜಾರಾಮ ತೋಳ್ಪಾಡಿಯವರು ಅದೇ ವಿಭಾಗದಲ್ಲಿದ್ದು ರಾಜಕೀಯ ಚಿಂತನೆಯನ್ನು ಕನ್ನಡದಲ್ಲಿ ಮಾತಾಡುವ ಅಭ್ಯಾಸ ಬೆಳೆಸಿದರು. ಉಡುಪಿ ಜಿಲ್ಲೆಯ ಶಿರ್ವದವರಾದ ಮುಜಾಫರ್ ಅಸ್ಸಾದಿ ಮೈಸೂರಿನಲ್ಲಿ ಪ್ರಾಧ್ಯಾಪಕರಾಗಿ ಕರ್ನಾಟಕದ ರೈತ ಚಳವಳಿಯನ್ನು ಅಧ್ಯಯನ ಮಾಡಿದರು. ನಾಗರಹೊಳೆಯ ಕಾಡಿನಿಂದ ಎಬ್ಬಿಸಲಾದ ಆದಿವಾಸಿಗಳ ಸ್ಥಿತಿಗತಿ ತಿಳಿಯಲು ಹೈಕೋರ್ಟ್ ನೇಮಿಸಿದ ಸಮಿತಿಯನ್ನು ಮುನ್ನಡೆಸಿದರು. 2025ರ ಜನವರಿಯಲ್ಲಿ ಅವರು ತೀರಿಕೊಂಡಾಗ ಕನ್ನಡ ನಾಡು ಊರೂರು ಸುತ್ತಿ ಬರೆಯುತ್ತಿದ್ದ ರಾಜ್ಯಶಾಸ್ತ್ರಜ್ಞನೊಬ್ಬನನ್ನು ಕಳೆದುಕೊಂಡಿತು.

ಇದು ಹೆಮ್ಮೆಯ ಪುಟ. ಮುಂದಿನ ಪುಟದಲ್ಲಿ ಖಾಲಿ ಜಾಗ ಹೆಚ್ಚು.

1974ರ ಭೂಸುಧಾರಣಾ ತಿದ್ದುಪಡಿಯನ್ನೇ ತೆಗೆದುಕೊಳ್ಳಿ. ಗೇಣಿ ಪದ್ಧತಿ ಆಳವಾಗಿ ಬೇರೂರಿದ್ದ ಕರಾವಳಿಯನ್ನು ಆ ಕಾನೂನು ಅಡಿಮೇಲು ಮಾಡಿತು. ಚಾಲಗೇಣಿ ಒಕ್ಕಲು, ತಾನು ಗೇಣಿಗೆ ಉಳುತ್ತಿದ್ದ ನೆಲ ತನಗೆ ಸೇರಬೇಕೆಂದು ಏಳನೇ ನಂಬ್ರದ ಫಾರಂ ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತ. ಹಾಗೆ ದಕ್ಕಿದ ನೆಲವನ್ನು ನಮ್ಮ ಹಿರಿಯರು ಇವತ್ತಿಗೂ ‘ಡಿಕ್ಲರೇಶನ್ ಜಾಗ’ ಎನ್ನುತ್ತಾರೆ. ಆ ಒಂದು ಮಾತಿನಲ್ಲಿ ಒಂದು ತಲೆಮಾರಿನ ಭಯ, ಧೈರ್ಯ, ಮುರಿದ ಸಂಬಂಧಗಳೆಲ್ಲ ಇವೆ. ಧಣಿಯ ಮನೆಯಂಗಳದಲ್ಲಿ ತಲೆ ತಗ್ಗಿಸಿ ನಿಲ್ಲುತ್ತಿದ್ದವನು ಧಣಿಯ ಎದುರೇ ಹೇಳಿಕೆ ಕೊಟ್ಟದ್ದಕ್ಕಿಂತ ದೊಡ್ಡ ರಾಜಕೀಯ ಪಾಠ ಯಾವ ಪಠ್ಯದಲ್ಲಿದೆ? ಆ ಹೇಳಿಕೆ ಕೊಟ್ಟವರ ಮೊಮ್ಮಕ್ಕಳು ನಮ್ಮ ತರಗತಿಗಳಲ್ಲಿ ಕುಳಿತು ಪ್ಲೇಟೋನ ಆದರ್ಶ ರಾಜ್ಯದ ಟಿಪ್ಪಣಿ ಬರೆದುಕೊಂಡರು. ಪ್ಲೇಟೋ ಬೇಕು. ಆದರೆ ‘ನಿನ್ನಜ್ಜ ಡಿಕ್ಲರೇಶನ್ ಹಾಕಿದ ಕತೆ ಕೇಳಿಕೊಂಡು ಬಾ’ ಎಂದು ಆ ಮಕ್ಕಳಿಗೆ ಹೇಳಿದ್ದರೆ ಇಂದು ನಮ್ಮ ಕೈಯಲ್ಲಿ ಒಂದು ಅಮೂಲ್ಯ ದಾಖಲೆ ಇರುತ್ತಿತ್ತು. ಆ ಅಜ್ಜಂದಿರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಪ್ರಾತಿನಿಧ್ಯದ ಪಾಠಕ್ಕೂ ನಾವು ದೂರ ಹೋಗಬೇಕಿಲ್ಲ. 1997ರ ಆಗಸ್ಟ್ 25ರಂದು ಉಡುಪಿ ಪ್ರತ್ಯೇಕ ಜಿಲ್ಲೆಯಾಯಿತು. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಬ್ರಹ್ಮಾವರ ವಿಧಾನಸಭಾ ಕ್ಷೇತ್ರ ಇಲ್ಲವಾಯಿತು. ಬೈಂದೂರು ವಿಧಾನಸಭಾ ಕ್ಷೇತ್ರ ಶಿವಮೊಗ್ಗ ಲೋಕಸಭಾ ಕ್ಷೇತ್ರಕ್ಕೆ ಸೇರಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಬ್ರಹ್ಮಾವರ, ಅದೇ ಬೈಂದೂರು ಹೊಸ ತಾಲೂಕುಗಳಾದವು. ಬೈಂದೂರಿನ ಮತದಾರನಿಗೆ ಜಿಲ್ಲಾಧಿಕಾರಿ ಇರುವುದು ಮಣಿಪಾಲದ ರಜತಾದ್ರಿಯಲ್ಲಿ, ಸಂಸದರ ಕ್ಷೇತ್ರದ ಕೇಂದ್ರ ಘಟ್ಟದ ಮೇಲೆ. ಆಡಳಿತದ ಗೆರೆ ಒಂದು ಕಡೆ, ಮತದ ಗೆರೆ ಇನ್ನೊಂದು ಕಡೆ ಹೋದಾಗ ಮೀನುಗಾರನ ಅರ್ಜಿ ಯಾವ ದಾರಿಯಲ್ಲಿ ಓಡಾಡುತ್ತದೆ? ಒಬ್ಬ ವಿದ್ಯಾರ್ಥಿ ಒಂದು ವರ್ಷ ಕುಳಿತು ಹುಡುಕಬಹುದಾದ ಪ್ರಶ್ನೆ ಇದು.

ವ್ಯಕ್ತಿಗಳ ವಿಷಯದಲ್ಲೂ ಈ ನೆಲ ಬಡವಾಗಿಲ್ಲ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ, ತಮ್ಮ 87ರ ಪ್ರಾಯದಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದರು. ಬೈಂದೂರಿನ ಶಾಸಕರಾಗಿದ್ದ ಅಮಾಸೆಬೈಲಿನ ಎ.ಜಿ. ಕೊಡ್ಗಿಯವರು ಮೂರನೇ ರಾಜ್ಯ ಹಣಕಾಸು ಆಯೋಗದ ಅಧ್ಯಕ್ಷರಾಗಿ, ಪಂಚಾಯತಿಗಳಿಗೆ ಹಣ ಹೇಗೆ ಸೇರಬೇಕು ಎಂಬುದನ್ನು ವರ್ಷಗಟ್ಟಲೆ ಯೋಚಿಸಿದರು. ಆಯೋಗದ ವರದಿಯನ್ನು ಅಮಾಸೆಬೈಲಿನ ಅಂಗಳದಿಂದ ಓದುವ ಕೆಲಸ ಇನ್ನೂ ಬಾಕಿ ಇದೆ.

ನಮ್ಮ ರಾಜ್ಯಶಾಸ್ತ್ರ ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಿದ್ದು ಮಕ್ಕಳ ಪಂಚಾಯತಿಯನ್ನು. 1990ರ ದಶಕದಲ್ಲಿ, ಆಗಿನ ಕುಂದಾಪುರ ತಾಲೂಕಿನ ಕೆಲವು ಹಳ್ಳಿಗಳಲ್ಲಿ, ದುಡಿಯುವ ಮಕ್ಕಳ ಪರವಾಗಿ ಕೆಲಸ ಮಾಡುವ ಸಂಸ್ಥೆಯೊಂದರ ಬೆಂಬಲದಿಂದ ಮಕ್ಕಳು ತಮ್ಮದೇ ಪಂಚಾಯತಿ ಕಟ್ಟಿಕೊಂಡರು. ದುಡಿಯುವ ಮಕ್ಕಳ ಭೀಮ ಸಂಘ ಅದಕ್ಕೆ ಬೆನ್ನೆಲುಬಾಗಿತ್ತು. ಮಕ್ಕಳೇ ಮತ ಹಾಕಿದರು, ಮಕ್ಕಳೇ ಸದಸ್ಯರಾದರು. ಅವರು ಕೇಳಿದ್ದು ಕುಡಿಯುವ ನೀರು, ಶಾಲೆಯ ದಾರಿ, ಮತ್ತೆ ಮತ್ತೆ ಕಾಲುಸಂಕ. 2006ರಲ್ಲಿ ರಾಜ್ಯ ಸರಕಾರ ಸುತ್ತೋಲೆ ಹೊರಡಿಸಿ, ಮಕ್ಕಳು ತಮ್ಮ ಬೇಡಿಕೆಯನ್ನು ಪಂಚಾಯತಿಯ ಮುಂದಿಡುವ ಮಕ್ಕಳ ಗ್ರಾಮಸಭೆಯನ್ನು ಇಡೀ ಕರ್ನಾಟಕಕ್ಕೆ ವಿಸ್ತರಿಸಿತು. ಹೊರದೇಶದ ಸಂಶೋಧಕರು ಇಲ್ಲಿಗೆ ಬಂದು ನೋಡಿ ಬರೆದುಕೊಂಡು ಹೋದರು. ಪಕ್ಕದ ಕಾಲೇಜಿನ ನಾವು ಅದನ್ನು ‘ಎನ್‌ಜಿಒದವರ ಕಾರ್ಯಕ್ರಮ’ ಎಂದುಕೊಂಡೆವು.

ಕಾಲುಸಂಕ ಎಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ತೋಡಿನ ಈ ದಡದಿಂದ ಆ ದಡಕ್ಕೆ ಹಾಕಿದ ಎರಡೋ ಮೂರೋ ಮರದ ದಿಮ್ಮಿ, ಹಿಡಿದುಕೊಳ್ಳಲು ಒಂದು ಬಿದಿರ ಗಳು. ಆಷಾಢದಲ್ಲಿ ದಿಮ್ಮಿಯ ಮೇಲೆ ಹಾವಸೆ ಕಟ್ಟುತ್ತದೆ, ಕೆಳಗೆ ಕೆಂಪು ನೀರು ಮೊರೆಯುತ್ತದೆ. ಒಂದು ಕೈಯಲ್ಲಿ ಕೊಡೆ, ಬೆನ್ನಿಗೆ ಚೀಲ ಹಾಕಿಕೊಂಡ ಮಗು ಅದರ ಮೇಲೆ ನಡೆಯಬೇಕು. 2022ರ ಆಗಸ್ಟಿನಲ್ಲಿ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಎರಡನೇ ತರಗತಿಯ ಪುಟ್ಟ ಹುಡುಗಿಯೊಬ್ಬಳು ಶಾಲೆಯಿಂದ ಮನೆಗೆ ಬರುವಾಗ ಕಾಲುಸಂಕದಿಂದ ಜಾರಿ ನೀರುಪಾಲಾದಳು. ಮಕ್ಕಳು ಸಂಕ ಕೇಳಲು ತೊಡಗಿ ಆಗಲೇ ಇಪ್ಪತ್ತೈದು ವರ್ಷ ಕಳೆದಿತ್ತು. ಒಂದು ಬೇಡಿಕೆ ಗ್ರಾಮಸಭೆಯ ನಡಾವಳಿ ಪುಸ್ತಕದಿಂದ ಹೊರಟು ಕ್ರಿಯಾಯೋಜನೆ, ತಾಲೂಕು, ಜಿಲ್ಲಾ ಪಂಚಾಯತಿ ದಾಟಿ ಕಾಂಕ್ರೀಟಾಗುವ ದಾರಿಯಲ್ಲಿ ಎಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ? ರಾಜ್ಯಶಾಸ್ತ್ರ ಉತ್ತರಿಸಬೇಕಾದ ಪ್ರಶ್ನೆ ಇದಲ್ಲದೆ ಇನ್ಯಾವುದು?

ಒಂದು ಮಕ್ಕಳ ಗ್ರಾಮಸಭೆಯಲ್ಲಿ ನಾನು ಕೊನೆಯ ಸಾಲಿನಲ್ಲಿ ಕುಳಿತಿದ್ದೆ. ಭಾಷಣಗಳು ಮುಗಿದಿದ್ದವು, ಮಕ್ಕಳಿಗೆ ಬಿಸ್ಕೆಟ್ ಹಂಚುತ್ತಿದ್ದರು. ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ನಮ್ ಬದಿ ಸಂಕ ಯಾವಾಗ ಆತ್ತ್ ಸರ್?” ಸಭೆ ಒಂದು ಗಳಿಗೆ ಸುಮ್ಮನಾಯಿತು. ಅನುದಾನ ಬಂದ ಕೂಡಲೇ ಆಗುತ್ತದೆ ಎಂದು ವೇದಿಕೆಯಲ್ಲಿದ್ದವರು ಹೇಳಿದರು. ಹುಡುಗಿ ಕೂರಲಿಲ್ಲ. “ಹೋದ್ ವರ್ಷವೂ ಹಂಗೇ ಹೇಳಿದ್ರಿ” ಎಂದಳು. ಮತದಾರರು ಐದು ವರ್ಷಕ್ಕೊಮ್ಮೆ ಕೇಳುವ ಲೆಕ್ಕವನ್ನು ಆ ಮಗು ಒಂದೇ ವಾಕ್ಯದಲ್ಲಿ ಕೇಳಿತ್ತು. ಅವಳಿಗೆ ನೆನಪಿತ್ತು. ಸಭೆಯಲ್ಲಿದ್ದ ಹಿರಿಯರಾದ ನಮಗೆ ಇರಲಿಲ್ಲ.

ಗೇಟಿನಾಚೆಯ ರಾಜಕೀಯ ಗೇಟಿಗೇ ಬಂದಾಗಲೂ ನಾವು ಸಿದ್ಧರಿರಲಿಲ್ಲ. 2022ರ ಫೆಬ್ರವರಿಯಲ್ಲಿ ವಿದ್ಯಾರ್ಥಿಗಳ ತಲೆವಸ್ತ್ರ, ಶಾಲುಗಳ ವಿವಾದ ಕುಂದಾಪುರದ ಕಾಲೇಜುಗಳ ಗೇಟಿಗೂ ಬಂತು. ಪ್ರಕರಣ ಹೈಕೋರ್ಟಿಗೆ ಹೋಗಿ, ಆ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಧಾರ್ಮಿಕ ಸ್ವಾತಂತ್ರ್ಯದ ಕುರಿತಾದ ಸಂವಿಧಾನದ 25ನೇ ವಿಧಿಯನ್ನು ನಾವು ಪರೀಕ್ಷೆಗೆ ಓದಿಸಿದ್ದೆವು. ಅದರ ಬಗ್ಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮಾತಾಡಬೇಕಾದ ದಿನ ಬಂದಾಗ ತರಗತಿ ಬಾಗಿಲು ಹಾಕಿತ್ತು, ಮಾತು ರಸ್ತೆಗೆ ಬಿದ್ದಿತ್ತು. ನ್ಯಾಯಮೂರ್ತಿಗಳೇ ಭಿನ್ನಮತ ತಾಳಿದ ವಿಷಯವನ್ನು ಸಿಟ್ಟಿಲ್ಲದೆ ಚರ್ಚಿಸುವ ಜಾಗ ಊರಿನಲ್ಲಿ ಒಂದಾದರೂ ಇರಬೇಕು, ಅದು ರಾಜ್ಯಶಾಸ್ತ್ರದ ತರಗತಿಯೇ ಆಗಬೇಕು.

ಈಗ ವಿಭಾಗಗಳ ಪಾಡು ಸುಲಭದ್ದಲ್ಲ. ಬಿ.ಕಾಂ. ತರಗತಿ ತುಂಬಿ ತುಳುಕುವಾಗ ಬಿ.ಎ. ಬೆಂಚುಗಳು ಖಾಲಿ ಬೀಳುತ್ತಿವೆ. ಅತಿಥಿ ಉಪನ್ಯಾಸಕರು ಮುಂದಿನ ವರ್ಷದ ಭರವಸೆಯಿಲ್ಲದೆ ಪಾಠ ಮಾಡುತ್ತಾರೆ. 2021ರಲ್ಲಿ ಬಂದ ನಾಲ್ಕು ವರ್ಷದ ಪದವಿ ವ್ಯವಸ್ಥೆ 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ತಿರುಗಿತು; ಪಠ್ಯ ಬದಲಾದಷ್ಟೂ ಸಲ ಟಿಪ್ಪಣಿ ಹೊಸದಾಗಿ ಬರೆಯುವುದೇ ಅಧ್ಯಾಪಕರ ಕೆಲಸವಾಯಿತು. ಇಷ್ಟರ ನಡುವೆಯೂ ನಿಷ್ಠೆಯಿಂದ ದುಡಿಯುವ ಅಧ್ಯಾಪಕರನ್ನು ನಾವು ಬಲ್ಲೆವು. ಅವರಿಗೆ ಇನ್ನೊಂದು ಹೊರೆ ಹೊರಿಸುವ ಇರಾದೆ ನಮಗಿಲ್ಲ.

ನಮ್ಮ ಸಲಹೆ ಸಣ್ಣದು, ಹಣ ಬೇಡುವುದೂ ಅಲ್ಲ. ಪ್ರತಿ ಕಾಲೇಜಿನ ರಾಜ್ಯಶಾಸ್ತ್ರ ವಿಭಾಗ ಸುತ್ತಲಿನ ಎರಡು ಗ್ರಾಮ ಪಂಚಾಯತಿಗಳನ್ನು ತನ್ನದೆಂದು ಎತ್ತಿಕೊಳ್ಳಲಿ. ವಿದ್ಯಾರ್ಥಿಗಳು ವಾರ್ಡು ಸಭೆಗೆ, ಗ್ರಾಮಸಭೆಗೆ, ಜಮಾಬಂದಿಗೆ ಹೋಗಿ ಕುಳಿತು ಬರೆದುಕೊಳ್ಳಲಿ. ಕೇಳಿದ್ದೇನು, ಹೇಳಿದ್ದೇನು, ಆದದ್ದೇನು ಎಂದು ಮೂರೇ ಕಲಮು ಸಾಕು. ಡಿಕ್ಲರೇಶನ್ ಕಾಲದ ನೆನಪುಗಳನ್ನು ಮೊಬೈಲಿನಲ್ಲಾದರೂ ಧ್ವನಿಮುದ್ರಿಸಿ ಗ್ರಂಥಾಲಯದಲ್ಲಿ ಇಡಲಿ. ವಿಶ್ವವಿದ್ಯಾನಿಲಯ ಅದನ್ನು ಕಿರುಸಂಶೋಧನೆಯೆಂದು ಒಪ್ಪಿ ಅಂಕ ಕೊಡಲಿ. ಐದು ವರ್ಷ ಹೀಗೆ ನಡೆದರೆ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಪ್ರಜಾಪ್ರಭುತ್ವದ ಚರಿತ್ರೆ ನಮ್ಮ ಮಕ್ಕಳ ಕೈಬರಹದಲ್ಲೇ ಇರುತ್ತದೆ.

ಆ ಎರಡು ಜಡೆಯ ಹುಡುಗಿಗೆ ಕೊಟ್ಟ ಉತ್ತರ ಯಾವುದೋ ನಡಾವಳಿ ಪುಸ್ತಕದಲ್ಲಿ ಬರಹವಾಗಿ ಕುಳಿತಿದೆ. ಮುಂದಿನ ಸಭೆಯಲ್ಲಿ ಅವಳು ಮತ್ತೆ ಎದ್ದು ನಿಂತಾಗ, ಆ ಪುಟವನ್ನು ತೆರೆದು ದಿನಾಂಕ ಸಹಿತ ಓದಿ ಹೇಳುವ ಒಬ್ಬ ಬಿ.ಎ. ವಿದ್ಯಾರ್ಥಿ ಪಕ್ಕದಲ್ಲಿರಲಿ. ಮುಂದಿನ ವರ್ಷದ ವಿಭಾಗೀಯ ವರದಿಯಲ್ಲಿ ನಾವು ಮೊದಲು ಹುಡುಕುವುದು ಆ ಒಂದು ಸಾಲನ್ನು.