ಕುಷ್ಠರೋಗ: ದೇಹದ ಕಾವಲುಪಡೆ ಸೋಲುವುದೆಲ್ಲಿ?

ರಾಷ್ಟ್ರಮಟ್ಟದಲ್ಲಿ ಕುಷ್ಠರೋಗ ನಿರ್ಮೂಲನೆಯ ಗುರಿಯನ್ನು ಭಾರತ 2005ರ ಡಿಸೆಂಬರ್‌ನಲ್ಲೇ ಮುಟ್ಟಿತ್ತು. ಆದರೆ ಇಲ್ಲಿ ನಿರ್ಮೂಲನೆ ಎಂದರೆ ರೋಗವೇ ಇಲ್ಲ ಎಂದಲ್ಲ. 10 ಸಾವಿರ ಜನರಿಗೆ ಒಬ್ಬ ರೋಗಿಗಿಂತ ಕಡಿಮೆ ಎಂದಷ್ಟೇ. ಇಂದಿಗೂ ವಿಶ್ವದ ಹೊಸ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪತ್ತೆಯಾಗುವುದು ನಮ್ಮ ದೇಶದಲ್ಲೇ. ವರ್ಷಕ್ಕೆ ಸುಮಾರು 1 ಲಕ್ಷ. ಔಷಧ ಉಚಿತವಾಗಿ ಸಿಗುತ್ತಿದ್ದರೂ ರೋಗ ಏಕೆ ಹೋಗುತ್ತಿಲ್ಲ? ಉತ್ತರದ ಒಂದು ಭಾಗ ನಮ್ಮ ರೋಗನಿರೋಧಕ ವ್ಯವಸ್ಥೆಯೊಳಗಿದೆ.

ಈ ಬ್ಯಾಕ್ಟೀರಿಯಾವನ್ನು ಬಹುತೇಕರ ದೇಹವೇ ಹತ್ತಿಕ್ಕುತ್ತದೆ. ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು ಅದನ್ನು ನುಂಗುತ್ತವೆ. ಗಾಮಾ ಇಂಟರ್‌ಫೆರಾನ್ ಎಂಬ ಪ್ರೋಟೀನ್ ಸಂಕೇತ ಕೊಟ್ಟಾಗ, ಆ ಕೋಶಗಳು ವಿಟಮಿನ್ ಡಿ ನೆರವಿನಿಂದ ರೋಗಾಣುವನ್ನು ಕೊಲ್ಲುತ್ತವೆ.

ಕೆಲವರಲ್ಲಿ ಈ ಸಂಕೇತವೇ ಅಡಗಿಹೋಗುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ತಂಡ 2013ರಲ್ಲಿ ಇದಕ್ಕೊಂದು ಕಾರಣ ತೋರಿಸಿತು. ವೈರಸ್ ವಿರುದ್ಧ ಹೋರಾಡಬೇಕಾದ ಬೀಟಾ ಇಂಟರ್‌ಫೆರಾನ್ ಇಲ್ಲಿ ತಪ್ಪು ಸಮಯದಲ್ಲಿ ಸಕ್ರಿಯವಾಗಿ, ಗಾಮಾದ ಕೆಲಸಕ್ಕೆ ತಡೆಯೊಡ್ಡುತ್ತದೆ. ಹೀಗಾಗಿ ನುಂಗಿದ ಕೋಶವೇ ರೋಗಾಣುವಿನ ಮನೆಯಾಗುತ್ತದೆ. ರಕ್ತದಲ್ಲಿ ಪ್ರತಿಕಾಯಗಳು ಹೇರಳವಾಗಿದ್ದರೂ ಕೋಶದೊಳಗೆ ಅವಿತ ಶತ್ರುವನ್ನು ಅವು ತಲುಪಲಾರವು. ಹಾಗೆಂದು ವಿಟಮಿನ್ ಡಿ ಮಾತ್ರೆ ನುಂಗಿದರೆ ರೋಗ ವಾಸಿಯಾಗುತ್ತದೆ ಎಂದು ಭಾವಿಸಬೇಡಿ.

ರಕ್ಷಣೆ ಜೋರಾಗಿದ್ದರೂ ಅಪಾಯ ತಪ್ಪಿದ್ದಲ್ಲ. ರೋಗಾಣು ನರಗಳನ್ನು ಸುತ್ತುವರಿದ ಶ್ವಾನ್ ಕೋಶಗಳಲ್ಲಿ ನೆಲೆಸುತ್ತದೆ. ಅದರ ಮೇಲೆ ದೇಹ ನಡೆಸುವ ದಾಳಿಗೆ ನರವೂ ಬಲಿಯಾಗುತ್ತದೆ. ಇಂಥ ಉರಿಯೂತ ಚಿಕಿತ್ಸೆಯ ನಡುವೆ, ಕೆಲವೊಮ್ಮೆ ಚಿಕಿತ್ಸೆ ಮುಗಿದ ಮೇಲೂ ಕಾಣಿಸಿಕೊಳ್ಳಬಹುದು. ಆಗ ಸ್ಟೀರಾಯ್ಡ್ ಬೇಕಾಗುತ್ತದೆ.

ಸೋಂಕು ತಗುಲಿ ಲಕ್ಷಣ ಕಾಣಲು ಸರಾಸರಿ 5 ವರ್ಷ, ಕೆಲವೊಮ್ಮೆ 20 ವರ್ಷವೂ ಹಿಡಿಯುತ್ತದೆ. ದೇಹವೇ ಎಚ್ಚರಿಸದ ರೋಗವಿದು. ಸ್ಪರ್ಶವಿಲ್ಲದ ಮಚ್ಚೆ ನೋಯುವುದಿಲ್ಲ, ತುರಿಸುವುದೂ ಇಲ್ಲ. ನೋವಿಲ್ಲದ ಮಚ್ಚೆ ತೋರಿಸಲು ದಿನಗೂಲಿ ಬಿಟ್ಟು ಆಸ್ಪತ್ರೆಗೆ ಹೋಗುವವರು ಕಡಿಮೆ. ಕಳಂಕದ ಭಯ ಬೇರೆ. ಕುಷ್ಠರೋಗವನ್ನು ವಿಚ್ಛೇದನಕ್ಕೆ ಕಾರಣವಾಗಿ ಒಪ್ಪುತ್ತಿದ್ದ ಕಾನೂನು ಬದಲಾದದ್ದೇ 2019ರಲ್ಲಿ.

ಬಹುಔಷಧ ಚಿಕಿತ್ಸೆ 6ರಿಂದ 12 ತಿಂಗಳಲ್ಲಿ ರೋಗ ಗುಣಪಡಿಸುತ್ತದೆ. ಆದರೆ ಸತ್ತ ನರಕ್ಕೆ ಅದು ಜೀವ ತುಂಬಲಾರದು. 2027ರೊಳಗೆ ಹರಡುವಿಕೆ ನಿಲ್ಲಿಸುವ ಸರ್ಕಾರದ ಗುರಿ ಕೈಗೂಡಬೇಕಾದರೆ, ರೋಗಿ ಬರಲಿ ಎಂದು ಕಾಯದೆ ಮನೆಬಾಗಿಲಲ್ಲೇ ಮಚ್ಚೆ ಪತ್ತೆಹಚ್ಚಬೇಕು.